ಟಯರಿನ ಮೇಲಿನ ಆ ಸಂದು ಖಾಲಿ ಜಾಗವಲ್ಲ

ಕಾರಿನ ಟಯರಿನ ನೆತ್ತಿಗೂ ಮಡ್‌ಗಾರ್ಡಿನ ಅಂಚಿಗೂ ನಡುವೆ ಇರುವ ಸಂದನ್ನು ನಮ್ಮ ಹುಡುಗರು ಬೆರಳಲ್ಲಿ ಅಳೆಯುತ್ತಾರೆ. ನಾಲ್ಕು ಬೆರಳು ಹೋದರೆ ಗಾಡಿ ಕಂಪನಿಯಿಂದ ಬಂದ ಹಾಗೇ ಇದೆ ಎಂದು ಅರ್ಥ. ಎರಡು ಬೆರಳಿಗೆ ಇಳಿದರೆ ಚಂದ. ಒಂದು ಬೆರಳೂ ತೂರದಿದ್ದರೆ ಗೆಳೆಯರ ನಡುವೆ ಹೆಸರು. ಮುಂಬಯಿಯ ಪೂರ್ವ ಉಪನಗರದಲ್ಲಿ ವೀಲ್ ಅಲೈನ್‌ಮೆಂಟ್ ಅಂಗಡಿ ನಡೆಸುವ ನನ್ನ ಬಳಿಗೆ ಈ ಬೆರಳಿನ ಲೆಕ್ಕ ಹಿಡಿದು ಬರುವವರು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ. ಎಲ್ಲರೂ ಬರುವ ದಾರಿ ಹೆಚ್ಚುಕಡಿಮೆ ಒಂದೇ. ಮೊದಲು ದೊಡ್ಡ ಅಲಾಯ್ ಚಕ್ರ ಮತ್ತು ಅಗಲ ಟಯರು ಹಾಕಿಸುತ್ತಾರೆ. ಕೆಲವು ದಿನಕ್ಕೆ ಕಣ್ಣು ಆ ಸಂದಿನ ಮೇಲೆ ಬೀಳುತ್ತದೆ. “ಚಕ್ರ ಭರ್ಜರಿ ಆಯ್ತು ಅಣ್ಣ, ಗಾಡಿ ಮಾತ್ರ ಕಾಲೆತ್ತಿ ನಿಂತ ಹಾಗೆ ಕಾಣ್ತದೆ. ಸ್ವಲ್ಪ ಇಳಿಸಿ ಕೊಡಿ.”

ನಾನು ಇಳಿಸಿ ಕೊಡುವುದಿಲ್ಲ. ಕಾರಣವನ್ನು ಅಂಗಡಿಯಲ್ಲಿ ನಿಂತು ಪೂರ್ತಿ ಹೇಳಲು ಆಗುವುದಿಲ್ಲ. ಹಿಂದೆ ಇನ್ನೆರಡು ಗಾಡಿ ಹಾರ್ನ್ ಹೊಡೆಯುತ್ತಿರುತ್ತವೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಬೇರೆ ಊರಿನ ಮಾತು ಏನೇ ಇರಲಿ, ಮುಂಬಯಿಯಲ್ಲಿ ಆ ಸಂದು ಅಲಂಕಾರಕ್ಕೆ ಬಿಟ್ಟ ಜಾಗವಲ್ಲ, ಚಕ್ರ ಕೆಲಸ ಮಾಡುವ ಜಾಗ. ಸ್ಪ್ರಿಂಗಿಗೆ ಹ್ಯಾಕ್ಸಾ ಹಿಡಿದು ಅದನ್ನು ಮುಚ್ಚುವ ಕೆಲಸವನ್ನು ನನ್ನ ಕಸುಬಿನವರು ನಿಲ್ಲಿಸಬೇಕು. ಕಾನೂನು ಕೂಡ ಅಳತೆ ಇಟ್ಟು ಮಾಡಿದ ಕೆಲಸವನ್ನೂ ಕಣ್ಣಂದಾಜಿನ ಕೊಯ್ತವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದನ್ನು ಬಿಡಬೇಕು.

ಮೊದಲು ಟಯರಿನಿಂದಲೇ ಶುರು ಮಾಡೋಣ. ಟಯರಿನ ಪಕ್ಕದಲ್ಲಿ 185/65 ಆರ್15 ಎಂದು ಬರೆದಿರುವುದನ್ನು ನೋಡಿರುತ್ತೀರಿ. ಸ್ವಿಫ್ಟಿನಂಥ ಸಣ್ಣ ಕಾರಿಗೆ ಬರುವ ಅಳತೆ ಇದು. 185 ಎಂದರೆ ಮಿಲಿಮೀಟರಿನಲ್ಲಿ ಅಗಲ. 65 ಎಂದರೆ ಆ ಅಗಲದ ಶೇಕಡಾ 65ರಷ್ಟು ಟಯರಿನ ಗೋಡೆಯ ಎತ್ತರ. 15 ಎಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಕೂಡಿಸಿದರೆ ಇಡೀ ಚಕ್ರದ ವ್ಯಾಸ ಸುಮಾರು 621 ಮಿಲಿಮೀಟರು. ರಿಮ್ಮು ದೊಡ್ಡದು ಬೇಕಾದರೆ ಗೋಡೆ ಕುಗ್ಗಬೇಕು, ಒಟ್ಟು ವ್ಯಾಸ ಅಷ್ಟೇ ಉಳಿಯಬೇಕು. ಕಸುಬಿನ ಮೊದಲ ನಿಯಮ ಇದು. 16 ಇಂಚಿಗೆ ಹೋದರೆ 195/55, ಆಗ ವ್ಯಾಸ ಮತ್ತೆ ಸುಮಾರು 621. 17ಕ್ಕೆ ಹೋದರೆ 205/45, ಆಗ 616. ಹೀಗೆ ಮಾಡಿದರೆ ಮೀಟರು ತೋರಿಸುವ ವೇಗ ಹೆಚ್ಚು ತಪ್ಪುವುದಿಲ್ಲ, ಚಕ್ರ ಒಳಗೆ ಎಲ್ಲಿಗೂ ತಾಗುವುದಿಲ್ಲ.

ಸಂದು ಎದ್ದು ಕಾಣುವುದೂ ಇಲ್ಲಿಂದಲೇ. ವ್ಯಾಸ ಹೆಚ್ಚಾಗಿಲ್ಲ, ಆದ್ದರಿಂದ ಸಂದು ಕಡಿಮೆಯಾಗಿಲ್ಲ. 17 ಇಂಚಿನ ಲೆಕ್ಕದಲ್ಲಂತೂ ಎರಡೂವರೆ ಮಿಲಿಮೀಟರಿನಷ್ಟು ಹೆಚ್ಚೇ ಆಗಿರುತ್ತದೆ. ಆದರೆ ಮೊದಲು ಕಪ್ಪು ರಬ್ಬರು ಇದ್ದ ಕಡೆ ಈಗ ಹೊಳೆಯುವ ಲೋಹ ಬಂದಿದೆ. ಕಣ್ಣು ಚಕ್ರದ ಮೇಲೆ ನಿಲ್ಲುತ್ತದೆ, ಅಲ್ಲಿಂದ ನೇರ ಮೇಲಿನ ಕಪ್ಪು ಪೊಳ್ಳಿಗೆ ಹೋಗುತ್ತದೆ. ಗಾಡಿ ಎತ್ತರವಾಗಿಲ್ಲ, ಕಣ್ಣಿಗೆ ಹಾಗೆ ಕಾಣುತ್ತದೆ.

ಹೀಗೆ ವ್ಯಾಸ ಉಳಿಸಿಕೊಂಡವರು ಒಂದು ಬಗೆ. ಎರಡನೆಯ ಬಗೆಯವರು ಆ ನಿಯಮವನ್ನು ಲೆಕ್ಕಿಸದವರು. ಕುರ್ಲಾದಿಂದ ಕಲೀನಾ ಕಡೆಗೆ ಹೋಗುವ ಸಿಎಸ್‌ಟಿ ರಸ್ತೆಯ ಎರಡೂ ಬದಿಗೆ ಟಯರು, ಅಲಾಯ್, ಹಳೆ ಬಿಡಿಭಾಗಗಳ ಅಂಗಡಿಗಳು ಸಾಲಾಗಿವೆ. ಗಾಡಿಯ ಸಾಮಾನು ಬೇಕಾದವರು ಇಡೀ ನಗರದಿಂದ ಅಲ್ಲಿಗೆ ಬರುತ್ತಾರೆ. ಅಲ್ಲಿ ಒಳ್ಳೆಯ ಮಾಲೂ ಇದೆ, ತಿಳಿದವರೂ ಇದ್ದಾರೆ. ಕೈಗೆ ಸಿಕ್ಕಿದ್ದನ್ನು ಹಾಕಿಸಿಕೊಂಡು ಬರುವವರೂ ಇದ್ದಾರೆ. ಅದೇ ಸಣ್ಣ ಕಾರಿಗೆ 205/60 ಆರ್16 ಹಾಕಿದರೆ ವ್ಯಾಸ 652 ದಾಟುತ್ತದೆ, ಅಂದರೆ ಶೇಕಡಾ 5ರಷ್ಟು ಹೆಚ್ಚು. ಮೀಟರಿನ ಮುಳ್ಳು ಮೊದಲಿನಂತೆಯೇ 80 ತೋರಿಸುವಾಗ ಗಾಡಿ ಮೊದಲಿಗಿಂತ 4 ಕಿಲೋಮೀಟರು ಹೆಚ್ಚು ವೇಗದಲ್ಲಿರುತ್ತದೆ. ಬಾಂದ್ರಾ–ವರ್ಲಿ ಸೇತುವೆಯ ಮೇಲೆ ಕಾರಿಗೆ 80ರ ಮಿತಿ. ಕ್ಯಾಮೆರಾದ ಚಲನ್ ಮನೆಗೆ ಬಂದಾಗ ಇವರಿಗೆ ಕಾರಣವೇ ತಿಳಿಯುವುದಿಲ್ಲ.

ಇಂಥವರು ಗಾಡಿ ಇಳಿಸಲು ಬಂದಾಗ ಒಂದು ಲೆಕ್ಕ ಒಪ್ಪಿಸುತ್ತಾರೆ. “ದೊಡ್ಡ ಟಯರಿನಿಂದ ಗಾಡಿ 15 ಮಿಲಿಮೀಟರು ಮೇಲೆ ಎದ್ದಿದೆ. 40 ಇಳಿಸಿದರೂ ನಿಜವಾಗಿ ಇಳಿಯುವುದು 25 ಮಾತ್ರ ಅಲ್ವಾ?” ನೆಲದಿಂದ ಅಳೆದರೆ ಅವರ ಲೆಕ್ಕ ಸರಿ. ಚಕ್ರದಿಂದ ಅಳೆದರೆ ಪೂರಾ ತಪ್ಪು. ಟಯರು 15 ಮಿಲಿಮೀಟರು ಮೇಲಕ್ಕೆ ಬಂತು, ಬಾಡಿ 40 ಕೆಳಕ್ಕೆ ಬಂತು. ಎರಡೂ ಸೇರಿ ಸಂದಿನಿಂದ ಕಳೆದದ್ದು 55 ಮಿಲಿಮೀಟರು, ಎರಡು ಇಂಚಿಗೂ ಹೆಚ್ಚು. ಗುಂಡಿಗೆ ಬಿದ್ದು ಏಳುವಾಗ ಚಕ್ರ ಮೇಲೆ ಬರಲು ಇದ್ದ ಜಾಗ ಅದು. ಈಗ ಟಯರು ಮಡ್‌ಗಾರ್ಡಿನ ಒಳಪದರಕ್ಕೆ ಉಜ್ಜುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಕರಕರ ಸದ್ದು ಬರುತ್ತದೆ. ಅಗಲವೂ 20 ಮಿಲಿಮೀಟರು ಹೆಚ್ಚಿದೆ ಎನ್ನುವುದನ್ನು ಮರೆಯಬೇಡಿ.

ಇನ್ನು ಇಳಿಸುವ ರೀತಿಗೆ ಬರೋಣ. ಸರಿಯಾದ ದಾರಿಗಳು ಇವೆ. ಗಿಡ್ಡ ಗಾಡಿಗೆಂದೇ ತಯಾರಿಸಿದ ಬಿಗಿ ಸ್ಪ್ರಿಂಗು ಮತ್ತು ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರು ಒಂದು. ಎತ್ತರ ಬದಲಿಸಬಹುದಾದ ಕಾಯಿಲ್‌ಓವರ್ ಇನ್ನೊಂದು. ಇವು ದುಬಾರಿ. ಅಗ್ಗದ ದಾರಿ ಎಂದರೆ ಇದ್ದ ಸ್ಪ್ರಿಂಗನ್ನೇ ಬಿಚ್ಚಿ ಒಂದು ಸುತ್ತು, ಒಂದೂವರೆ ಸುತ್ತು ಕತ್ತರಿಸುವುದು. ಅದಕ್ಕೂ ಅಗ್ಗದ್ದು, ಸ್ಪ್ರಿಂಗನ್ನು ಬಿಚ್ಚದೆ ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ತಾನಾಗಿ ಕುಸಿಯಲು ಬಿಡುವುದು. ಕಾಯಿಸಿದ ಉಕ್ಕಿನ ಹದ ಅಲ್ಲಿಗೆ ಹೋಯಿತು. ಅದು ಮುಂದೆ ಎಷ್ಟು ಇಳಿಯುತ್ತದೆ, ಯಾವಾಗ ಮುರಿಯುತ್ತದೆ ಎಂದು ಯಾವ ಮೇಸ್ತ್ರಿಯೂ ಹೇಳಲಾರ.

ಕತ್ತರಿಸಿದರೆ ಸ್ಪ್ರಿಂಗು ಬಿಗಿಯಾಗುತ್ತದೆ, ಆದ್ದರಿಂದ ಸರಿಹೋಗುತ್ತದೆ ಎಂಬ ಮಾತು ಗ್ಯಾರೇಜುಗಳಲ್ಲಿ ಓಡಾಡುತ್ತದೆ. ಬಿಗಿಯಾಗುವುದು ನಿಜ. ಕೆಲಸ ಮಾಡುವ ಆರು ಸುತ್ತಿನಲ್ಲಿ ಒಂದನ್ನು ತೆಗೆದರೆ ಶೇಕಡಾ 20ರಷ್ಟು ಬಿಗಿ ಹೆಚ್ಚುತ್ತದೆ. ಆದರೆ ಚಕ್ರ ಮೇಲೆದ್ದು ರಬ್ಬರಿನ ಬಂಪ್ ಸ್ಟಾಪಿಗೆ ಗುದ್ದುವ ಮೊದಲು 80 ಮಿಲಿಮೀಟರು ಜಾಗ ಇತ್ತು ಎಂದುಕೊಳ್ಳಿ. 40 ಇಳಿಸಿದಾಗ ಅದು ಅರ್ಧಕ್ಕೆ ಬಂತು. ಅದೇ ಗುಂಡಿಯ ಅದೇ ಪೆಟ್ಟನ್ನು ಅರ್ಧ ಜಾಗದಲ್ಲಿ ನುಂಗಬೇಕಾದರೆ ಸ್ಪ್ರಿಂಗು ಸ್ಥೂಲ ಲೆಕ್ಕದಲ್ಲಿ ನಾಲ್ಕು ಪಟ್ಟು ಬಿಗಿ ಇರಬೇಕು. ಯಾಕೆಂದರೆ ಸ್ಪ್ರಿಂಗು ಹಿಡಿದಿಡುವ ಶಕ್ತಿ ಅದು ಒತ್ತಿಕೊಂಡ ದೂರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಬೇಕಾದದ್ದು ನಾಲ್ಕು ಪಟ್ಟು, ಸಿಕ್ಕಿದ್ದು ಶೇಕಡಾ 20. ಉಳಿದ ಪೆಟ್ಟು ಎಲ್ಲಿಗೆ ಹೋಗುತ್ತದೆ? ಬಂಪ್ ಸ್ಟಾಪಿಗೆ, ಅಲ್ಲಿಂದ ಸ್ಟ್ರಟ್ಟಿನ ಮೇಲಿನ ಮೌಂಟಿಂಗಿಗೆ, ಅಲ್ಲಿಂದ ಬಾಡಿಯ ಬೆಸುಗೆಗೆ, ಕೊನೆಗೆ ಹಿಂದಿನ ಸೀಟಿನಲ್ಲಿ ಕೂತ ಅಮ್ಮನ ಸೊಂಟಕ್ಕೆ.

ಇನ್ನೂ ಒಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಸ್ಪ್ರಿಂಗಿನ ತುದಿಯ ಸುತ್ತನ್ನು ತಯಾರಕರು ಅದರ ಬಟ್ಟಲಿನಲ್ಲಿ ಕೂರುವ ಆಕಾರಕ್ಕೆ ಬಾಗಿಸಿರುತ್ತಾರೆ. ಕತ್ತರಿಸಿದ ತುದಿ ಹಾಗೆ ಕೂರುವುದಿಲ್ಲ. ಗಾಡಿ ಉಬ್ಬು ಹಾರಿ ಚಕ್ರ ಪೂರ್ತಿ ಕೆಳಗೆ ಜೋತುಬಿದ್ದಾಗ ಗಿಡ್ಡ ಸ್ಪ್ರಿಂಗು ಸಡಿಲಾಗಿ ಜಾಗ ಬಿಟ್ಟು ಸರಿಯಬಹುದು. ಓಡುವ ಗಾಡಿಯಲ್ಲಿ ಹಾಗಾದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ನನ್ನ ಯಂತ್ರದ ಮೇಲೆ ಇಳಿಸಿದ ಗಾಡಿ ಹತ್ತಿದಾಗ ಪರದೆ ತುಂಬ ಕೆಂಪು ಅಂಕಿಗಳು ಬರುತ್ತವೆ. ಚಕ್ರಗಳ ಮೇಲ್ಭಾಗ ಒಳಕ್ಕೆ ವಾಲಿರುತ್ತದೆ, ಇದು ಕ್ಯಾಂಬರ್. ನೇರ ಹೋಗಬೇಕಾದ ಚಕ್ರಗಳು ಒಂದೊಂದು ದಿಕ್ಕಿಗೆ ಮುಖ ಮಾಡಿರುತ್ತವೆ, ಇದು ಟೋ. ಟೋ ಸರಿಪಡಿಸಬಹುದು. ಆದರೆ ನಮ್ಮ ಬಹುತೇಕ ಸಣ್ಣ ಕಾರುಗಳಲ್ಲಿ ಕ್ಯಾಂಬರ್ ಸರಿಪಡಿಸಲು ಕಂಪನಿಯವರು ಜಾಗವನ್ನೇ ಬಿಟ್ಟಿರುವುದಿಲ್ಲ. ಹೊರಗಿನಿಂದ ನೋಡಿದರೆ ಟಯರು ಹೊಸದು. ಕೆಳಗೆ ತೂರಿ ಒಳಅಂಚನ್ನು ಕೈಯಿಂದ ಸವರಿದರೆ ತಂತಿ ಚುಚ್ಚುತ್ತದೆ. ಮಾಲೀಕ ಸಂದನ್ನು ದಿನಾ ನೋಡುತ್ತಾನೆ, ಒಳಅಂಚನ್ನು ಎಂದೂ ನೋಡುವುದಿಲ್ಲ. ಮಳೆಗಾಲದಲ್ಲಿ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಮೇಲೆ ಅಂಥ ಟಯರು ಒಡೆದರೆ ಆ ಗಾಡಿ ಒಂದೇ ಹೋಗುವುದಿಲ್ಲ, ಪಕ್ಕದ ಲೇನಿನ ಬೈಕಿನವನನ್ನೂ ಎಳೆದುಕೊಂಡು ಹೋಗುತ್ತದೆ.

ಈ ನಗರದ ಬಗ್ಗೆ ಒಂದಿಷ್ಟು ಹೇಳಲೇಬೇಕು. ಸ್ಪೀಡ್ ಬ್ರೇಕರ್ ಹೇಗಿರಬೇಕು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಬರೆದಿಟ್ಟಿದೆ. 3.7 ಮೀಟರು ಅಗಲ, 10 ಸೆಂಟಿಮೀಟರು ಎತ್ತರ, ನಿಧಾನ ಏರಿ ನಿಧಾನ ಇಳಿಯುವ ಬೆನ್ನು, 25 ಕಿಲೋಮೀಟರು ವೇಗದಲ್ಲಿ ದಾಟುವ ಹಾಗೆ. ನಮ್ಮ ಗಲ್ಲಿಗಳಲ್ಲಿ, ಹೌಸಿಂಗ್ ಸೊಸೈಟಿಗಳ ಗೇಟಿನಲ್ಲಿ ಇರುವುದು ಆ ಬೆನ್ನಲ್ಲ, ಕಂತ್ರಾಟುದಾರ ಸುರಿದುಹೋದ ಚೂಪು ದಿಬ್ಬ. ಸ್ವಿಫ್ಟಿನ ನೆಲದಂತರ ಖಾಲಿ ಗಾಡಿಯಲ್ಲಿ 163 ಮಿಲಿಮೀಟರು. ಅದರಿಂದ ಆಗಲೇ ಹೇಳಿದ 25 ಕಳೆಯಿರಿ, ಮತ್ತೆ ಐದು ಜನರನ್ನು ಕೂರಿಸಿ, ಡಿಕ್ಕಿ ತುಂಬಿ. ಎಷ್ಟು ಉಳಿಯುತ್ತದೆ? ಅದಕ್ಕೇ ಇಳಿಸಿದ ಗಾಡಿಯವರು ಬ್ರೇಕರನ್ನು ನೇರ ದಾಟುವುದಿಲ್ಲ. ಒಂದೊಂದೇ ಚಕ್ರ ಏರುವ ಹಾಗೆ ಓರೆಯಾಗಿ, ಎದುರಿನ ಲೇನಿಗೆ ನುಗ್ಗಿ ದಾಟುತ್ತಾರೆ. ಹಿಂದೆ ರಿಕ್ಷಾ ನಿಲ್ಲುತ್ತದೆ, ಎದುರು ಸ್ಕೂಲ್ ಬಸ್ ನಿಲ್ಲುತ್ತದೆ. ಹೊಸ ಟವರುಗಳಲ್ಲಿ ಪಾರ್ಕಿಂಗ್ ಮೂರನೇ, ನಾಲ್ಕನೇ ಮಹಡಿಯ ಪೋಡಿಯಮ್ಮಿನಲ್ಲಿ. ಕಡಿದಾದ ರ‍್ಯಾಂಪು ಮುಗಿದು ಸಮತಟ್ಟು ಸಿಗುವ ಅಂಚಿನಲ್ಲಿ ಇಂಥ ಗಾಡಿಗಳ ಹೊಟ್ಟೆ ತಾಗಿ ಬಿದ್ದ ಗೀರುಗಳನ್ನು ನೀವೇ ನೋಡಬಹುದು.

ಗುಂಡಿಗಳ ವಿಷಯ ಹೊಸದಾಗಿ ಹೇಳುವಂಥದ್ದಲ್ಲ. ರಸ್ತೆಗಳಿಗೆ ಕಾಂಕ್ರೀಟು ಹಾಕುವ ಕೆಲಸ ದೊಡ್ಡ ಮಟ್ಟದಲ್ಲಿ ನಡೆಯುತ್ತಿದೆ, ಅದು ಒಳ್ಳೆಯದೇ. ಆದರೆ ಹೊಸ ಕಾಂಕ್ರೀಟು ಮುಗಿದು ಹಳೆ ಡಾಂಬರು ಶುರುವಾಗುವ ಕಡೆ, ಪೇವರ್ ಬ್ಲಾಕ್ ಕಿತ್ತ ಕಡೆ, ಮ್ಯಾನ್‌ಹೋಲಿನ ಮುಚ್ಚಳದ ಸುತ್ತ ಚೂಪು ಅಂಚು ಇರುತ್ತದೆ. 65ರ ಗೋಡೆಯ ಟಯರಿನಲ್ಲಿ ರಿಮ್ಮಿಗೂ ರಸ್ತೆಗೂ ನಡುವೆ 120 ಮಿಲಿಮೀಟರು ರಬ್ಬರು, ಗಾಳಿ ಇರುತ್ತದೆ. 205/45ರಲ್ಲಿ 92 ಮಾತ್ರ. ಆ ಅಂಚಿಗೆ ಬಿದ್ದಾಗ ರಿಮ್ಮು ಬಾಗುತ್ತದೆ, ಗೋಡೆಯಲ್ಲಿ ಗುಳ್ಳೆ ಏಳುತ್ತದೆ. ಗುಳ್ಳೆ ಎಂದರೆ ಒಳಗಿನ ದಾರ ಹರಿದಿದೆ ಎಂದೇ ಅರ್ಥ. ಅದಕ್ಕೆ ಪಂಕ್ಚರ್ ಅಂಗಡಿಯಲ್ಲಿ ಮದ್ದಿಲ್ಲ, ಟಯರು ಬದಲಿಸುವುದೊಂದೇ ದಾರಿ.

ಮಳೆಯನ್ನು ಮರೆತವರು ಮುಂಬಯಿಯಲ್ಲಿ ಯಾರಿದ್ದಾರೆ? 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗೆ 944 ಮಿಲಿಮೀಟರು ಸುರಿದದ್ದು ಬಿಡಿ, ಅದು ಅಪರೂಪದ್ದು. ಪ್ರತಿ ಜುಲೈಯಲ್ಲಿ ಹಿಂದಮಾತಾ, ಮಿಲನ್ ಸಬ್‌ವೇ, ಅಂಧೇರಿ ಸಬ್‌ವೇ, ಕಿಂಗ್ಸ್ ಸರ್ಕಲ್ಲಿನ ಗಾಂಧಿ ಮಾರ್ಕೆಟ್ ಹೆಸರು ರೇಡಿಯೋದಲ್ಲಿ ಬರುತ್ತದೆ. ನೀರು ಏರಿದಾಗ ಇಂಜಿನಿಗೆ ಗಾಳಿ ಎಳೆಯುವ ಬಾಯಿ ಎಷ್ಟು ಎತ್ತರದಲ್ಲಿದೆ ಎಂಬುದು ಮುಖ್ಯ. ಗಾಳಿಯ ಜಾಗದಲ್ಲಿ ನೀರು ಎಳೆದುಕೊಂಡ ಇಂಜಿನಿನ ಕನೆಕ್ಟಿಂಗ್ ರಾಡು ಬಾಗುತ್ತದೆ. ಅದರ ರಿಪೇರಿಯ ಬಿಲ್ಲು ನೋಡಿದ ಮನೆಯವರು ಅಲಾಯ್‌ನ ಬೆಲೆ ಮರೆತುಬಿಡುತ್ತಾರೆ. ಬಾಡಿ ಇಳಿದರೆ ಗಾಳಿ ಎಳೆಯುವ ಆ ಬಾಯಿಯೂ ಇಳಿಯುತ್ತದೆ.

ನಮ್ಮವರಿಗೆ ಇನ್ನೊಂದು ದಾರಿ ಇದೆ, ಊರಿಗೆ ಹೋಗುವ ದಾರಿ. ಮೇ ತಿಂಗಳಲ್ಲಿ, ಚೌತಿಯಲ್ಲಿ, ಮನೆದೇವರ ಪೂಜೆಗೆ ಉಡುಪಿ, ಕುಂದಾಪುರ, ಕಾರ್ಕಳದ ಕಡೆಗೆ ಕಾರಿನಲ್ಲೇ ಹೊರಡುವವರು ಸಾವಿರಾರು. ಪನ್ವೇಲಿನಿಂದ ಕೊಂಕಣ ದಾಟುವ ರಾಷ್ಟ್ರೀಯ ಹೆದ್ದಾರಿ 66ರ ಕಾಮಗಾರಿ ವರ್ಷಗಟ್ಟಲೆ ಎಳೆದದ್ದು ಎಲ್ಲರಿಗೂ ಗೊತ್ತು. ಹೋಗುವಾಗ ಐದು ಜನ ಮತ್ತು ಬಟ್ಟೆಯ ಪೆಟ್ಟಿಗೆಗಳು. ಬರುವಾಗ ಅದರ ಜೊತೆ ತೆಂಗಿನಕಾಯಿ, ಕುಚ್ಚಲಕ್ಕಿ, ಹಲಸಿನ ಹಣ್ಣು. ಇಲ್ಲಿ ಟಯರಿನ ಇನ್ನೊಂದು ಅಂಕಿ ನೋಡಬೇಕು, ಭಾರದ ಅಂಕಿ. ಅಳತೆಯ ಪಕ್ಕದಲ್ಲಿ 88 ಎಂದಿದ್ದರೆ ಆ ಟಯರು 560 ಕಿಲೋ ಹೊರುತ್ತದೆ. 205/45 ಆರ್17ರ ಮಾಮೂಲಿ ಟಯರಿನಲ್ಲಿ 84 ಎಂದಿರುತ್ತದೆ, ಅಂದರೆ 500 ಕಿಲೋ. ನಾಲ್ಕು ಟಯರಿಗೆ 240 ಕಿಲೋ ಕಡಿಮೆಯಾಯಿತು. ಅದೇ ಅಳತೆಯಲ್ಲಿ ಹೆಚ್ಚು ಭಾರ ಹೊರುವ ಟಯರೂ ಸಿಗುತ್ತದೆ, ಆದರೆ ಕೇಳಿ ತೆಗೆದುಕೊಳ್ಳುವವರನ್ನು ನಾನು ಹೆಚ್ಚು ಕಂಡಿಲ್ಲ. ಬಣ್ಣ ಕೇಳುತ್ತಾರೆ, ಡಿಸೈನ್ ಕೇಳುತ್ತಾರೆ, ಭಾರದ ಅಂಕಿ ಕೇಳುವುದಿಲ್ಲ.

ನಾನು ಕೆಲಸ ಕಲಿತದ್ದು ಪದ್ಮಿನಿ ಟ್ಯಾಕ್ಸಿಗಳ ಕೆಳಗೆ ಮಲಗಿ. ಹಗಲು ಗ್ಯಾರೇಜು, ಸಂಜೆ ಕನ್ನಡ ರಾತ್ರಿ ಶಾಲೆ. ಪದ್ಮಿನಿ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ಹುಟ್ಟಿದ, ಈ ಊರಿನ ಗಾಡಿ. ಅದರ ಹಿಂಬದಿಯಲ್ಲಿ ಕಮಾನು ಪಟ್ಟಿಗಳ ಸ್ಪ್ರಿಂಗು ಇತ್ತು. ಟ್ಯಾಕ್ಸಿಯವರು ನಮ್ಮಲ್ಲಿಗೆ ಬಂದು ಪಟ್ಟಿ ಸೇರಿಸಿ ಎನ್ನುತ್ತಿದ್ದರು, ತೆಗೆಯಿರಿ ಎಂದವರನ್ನು ನಾನು ಕಾಣೆ. ಮೇಲೆ ಕ್ಯಾರಿಯರಿನಲ್ಲಿ ಪೆಟ್ಟಿಗೆ, ಒಳಗೆ ಸಂಸಾರ ಹೇರಿಕೊಂಡು ವಿ.ಟಿ. ಸ್ಟೇಷನ್ನಿನಿಂದ ಹೊರಡುವವರಿಗೆ ಎತ್ತರದ ಬೆಲೆ ಗೊತ್ತಿತ್ತು. 2003ರ ಅಕ್ಟೋಬರ್ 29ರಂದು ತಾರ್ದೇವ್ ಆರ್‌ಟಿಒದಲ್ಲಿ ನೋಂದಣಿಯಾದ ಕೊನೆಯ ಪದ್ಮಿನಿ ಟ್ಯಾಕ್ಸಿಯ 20 ವರ್ಷದ ಅವಧಿ 2023ರ ಅಕ್ಟೋಬರ್‌ನಲ್ಲಿ ಮುಗಿಯಿತು. ಗಾಡಿ ಹೋಯಿತು, ರಸ್ತೆ ಅದೇ ಇದೆ. ಗಾಡಿಯಿಂದಲೇ ಅನ್ನ ತಿಂದವರು ಈ ನಗರದಲ್ಲಿ ಯಾವುದನ್ನು ಬಿಟ್ಟುಕೊಡಲಿಲ್ಲವೋ ಅದನ್ನು ನಾವು ಚಂದಕ್ಕಾಗಿ ಬಿಟ್ಟುಕೊಡುವುದು ಸರಿಯಲ್ಲ.

ಹುಡುಗರ ವಾದದಲ್ಲೂ ನಿಜ ಇದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಗಾಡಿಯ ಭಾರದ ಕೇಂದ್ರ ಕೆಳಗೆ ಬಂದರೆ ತಿರುವಿನಲ್ಲಿ ವಾಲುವುದು ಕಡಿಮೆಯಾಗುತ್ತದೆ. ರೇಸಿನ ಗಾಡಿಗಳು ನೆಲಕ್ಕೆ ಅಂಟಿಕೊಂಡಿರುವುದು ಇದಕ್ಕೇ. ಆದರೆ ರೇಸಿನ ಅಂಗಳದಲ್ಲಿ ಗುಂಡಿ ಇಲ್ಲ, ಅಲ್ಲಿನ ಸ್ಪ್ರಿಂಗು, ಶಾಕ್, ಆರ್ಮ್ ಎಲ್ಲ ಆ ಎತ್ತರಕ್ಕೇ ಮಾಡಿದವು. ಸ್ಪ್ರಿಂಗು ಮಾತ್ರ ಕತ್ತರಿಸಿದ ಮನೆಯ ಕಾರಿನಲ್ಲಿ ಲೋವರ್ ಆರ್ಮಿನ ಕೋನ ಕೆಟ್ಟು, ಗಾಡಿ ವಾಲುವ ಕೇಂದ್ರವೂ ಕೆಳಗೆ ಕುಸಿಯುತ್ತದೆ. ಭಾರದ ಕೇಂದ್ರಕ್ಕಿಂತ ಅದು ಹೆಚ್ಚು ಕುಸಿದರೆ, ಗಾಡಿಯನ್ನು ವಾಲಿಸುವ ಬಲ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಬಿಗಿಯಾಗಿದೆ ಅನಿಸುವುದು ಬಂಪ್ ಸ್ಟಾಪಿನ ಮೇಲೆ ಕೂತಿರುವುದರಿಂದ.

ರಸ್ತೆ ಸರಿ ಮಾಡುವುದು ಸರ್ಕಾರದ ಕೆಲಸ, ನಮ್ಮ ಗಾಡಿಗೆ ಯಾಕೆ ಬುದ್ಧಿ ಹೇಳುತ್ತೀರಿ ಎಂದೂ ಕೇಳುತ್ತಾರೆ. ಅದು ಸರ್ಕಾರದ ಕೆಲಸವೇ. ಗುಂಡಿಯಿಂದ ಜೀವ ಹೋದರೆ ಕುಟುಂಬಕ್ಕೆ 6 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಎಂದು ಬಾಂಬೆ ಹೈಕೋರ್ಟ್ 2025ರ ಅಕ್ಟೋಬರ್‌ನಲ್ಲಿ ಹೇಳಿದೆ. ಆ ಹೊಣೆಯನ್ನು ನಾವು ಬಿಡದೆ ಕೇಳಬೇಕು. ಆದರೆ ನಾಳೆ ಬೆಳಿಗ್ಗೆ ಗಾಡಿ ಓಡುವುದು ಇವತ್ತಿನ ರಸ್ತೆಯ ಮೇಲೆ.

ಕಾನೂನು ಏನು ಹೇಳುತ್ತದೆ? ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ನಿಗದಿ ಮಾಡಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ಮಾಲೀಕ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ, ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಕಲಮು ಬಂತು. ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ. ಓದಿದರೆ ಬಲು ಕಟ್ಟುನಿಟ್ಟು. ಆದರೆ ಬೀದಿಯಲ್ಲಿ ನಿಂತ ಪೊಲೀಸನ ಕೈಯಲ್ಲಿ ಸ್ಪ್ರಿಂಗು ಅಳೆಯುವ ಸಾಧನ ಇಲ್ಲ. ಅವನಿಗೆ ಕಪ್ಪು ಗಾಜು ಕಾಣುತ್ತದೆ, ಸೈಲೆನ್ಸರಿನ ಸದ್ದು ಕೇಳುತ್ತದೆ, ಕತ್ತರಿಸಿದ ಸ್ಪ್ರಿಂಗು ಕಾಣುವುದಿಲ್ಲ. 182ಎ ಕಲಮಿನ ಈ ದಂಡ ಹಿಡಿಯುವುದು ಮಾಲೀಕನನ್ನು. ಕತ್ತರಿಸಿದವನು ಬಿಲ್ಲು ಕೊಟ್ಟಿರುವುದಿಲ್ಲ, ಅವನ ಗುರುತೇ ಉಳಿಯುವುದಿಲ್ಲ.

ಇದರ ಫಲ ಏನೆಂದರೆ, ತಜ್ಞರು ಲೆಕ್ಕ ಹಾಕಿ ಮಾಡಿದ ಬಿಡಿಭಾಗ ಹಾಕಿಸಿದವನೂ ಫುಟ್‌ಪಾತಿನಲ್ಲಿ ಹ್ಯಾಕ್ಸಾ ಹಿಡಿಸಿದವನೂ ಒಂದೇ ಸಾಲಿನ ತಪ್ಪಿತಸ್ಥರು. ಹೇಗಿದ್ದರೂ ತಪ್ಪೇ ಎಂದ ಮೇಲೆ ಹುಡುಗ ಅಗ್ಗದ ತಪ್ಪನ್ನೇ ಆರಿಸಿಕೊಳ್ಳುತ್ತಾನೆ. ಗುಟ್ಟಾಗಿ ಮಾಡಿಸುತ್ತಾನೆ, ವಿಮಾ ಕಂಪನಿಗೆ ತಿಳಿಸುವುದಿಲ್ಲ. ತಿಳಿಸದ ಬದಲಾವಣೆ ಅಪಘಾತದ ದಿನ ಪತ್ತೆಯಾದರೆ ಕ್ಲೇಮಿಗೇ ಕುತ್ತು ಬರಬಹುದು. ಆ ಹೊತ್ತಿನಲ್ಲಿ ನಷ್ಟ ಹೊರುವವರು ಸಾಲಕ್ಕೆ ಸಹಿ ಹಾಕಿದ ಅಪ್ಪ.

ಹೊರದೇಶದಲ್ಲಿ ಎಲ್ಲರೂ ಮಾಡಿಸುತ್ತಾರೆ ಎನ್ನುವವರು ಹೊರದೇಶದ ಪೂರ್ತಿ ಮಾತು ಹೇಳಬೇಕು. ಜರ್ಮನಿಯಲ್ಲಿ ಸ್ಪ್ರಿಂಗು ಬದಲಿಸಿ ಗಾಡಿ ಇಳಿಸಬಹುದು. ಆದರೆ ಆ ಸ್ಪ್ರಿಂಗಿಗೆ ಯಾವ ಮಾದರಿಯ ಕಾರಿಗೆ, ಎಷ್ಟು ಭಾರಕ್ಕೆ, ಯಾವ ಚಕ್ರದ ಜೊತೆ ಎಂಬ ಪರೀಕ್ಷಾ ಪತ್ರ ಇರಬೇಕು. ಹಾಕಿದ ಮೇಲೆ ಟ್ಯೂಫ್‌ನಂಥ ಸಂಸ್ಥೆಯ ತಜ್ಞ ಚಕ್ರ ತಿರುಗಿಸಿ, ಎಲ್ಲಿಯೂ ತಾಗುವುದಿಲ್ಲ ಎಂದು ಖಚಿತ ಮಾಡಿಕೊಂಡು ಸಹಿ ಹಾಕಬೇಕು. ಸ್ವಾತಂತ್ರ್ಯವೂ ಇದೆ, ಸಹಿಯೂ ಇದೆ.

ಅಂಥದ್ದು ನಮ್ಮಲ್ಲಿ ಆಗದ ಕೆಲಸವಲ್ಲ. ಸಿಎನ್‌ಜಿ ಕಿಟ್ಟಿನ ವಿಷಯದಲ್ಲಿ ನಾವೇ ಮಾಡಿ ತೋರಿಸಿದ್ದೇವೆ. 2000ದ ದಶಕದ ಆರಂಭದಲ್ಲಿ ಹೈಕೋರ್ಟಿನ ಆದೇಶದ ಬೆನ್ನಿಗೆ ಈ ನಗರದ ಟ್ಯಾಕ್ಸಿಗಳು ಪೆಟ್ರೋಲು, ಡೀಸೆಲ್ ಬಿಟ್ಟು ಸಿಎನ್‌ಜಿಗೆ ಬಂದವು. ಇಂಧನ ಬದಲಿಸುವುದು ಸ್ಪ್ರಿಂಗು ಬದಲಿಸುವುದಕ್ಕಿಂತ ಎಷ್ಟೋ ಪಾಲು ಅಪಾಯದ ಕೆಲಸ, ಡಿಕ್ಕಿಯಲ್ಲಿ ಒತ್ತಡದ ಸಿಲಿಂಡರು ಕೂರುತ್ತದೆ. ಆದರೂ ಅದೇ 52ನೇ ಕಲಮು ಅದಕ್ಕೆ ದಾರಿ ಬಿಟ್ಟಿದೆ. ಕಿಟ್ಟಿಗೆ ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಬೇಕು, ಮಾನ್ಯತೆ ಇರುವ ಕಾರ್ಯಾಗಾರದಲ್ಲೇ ಹಾಕಿಸಬೇಕು, ಆರ್‌ಟಿಒ ನೋಂದಣಿ ಪತ್ರದಲ್ಲಿ ನಮೂದಾಗಬೇಕು, ಮೂರು ವರ್ಷಕ್ಕೊಮ್ಮೆ ಸಿಲಿಂಡರಿನ ಪರೀಕ್ಷೆ ಆಗಬೇಕು. ವಾಹನಗಳನ್ನೂ ಬಿಡಿಭಾಗಗಳನ್ನೂ ಪರೀಕ್ಷಿಸುವ ಎಆರ್‌ಎಐ ಇಲ್ಲೇ ಪುಣೆಯಲ್ಲಿ, 1966ರಿಂದ ಇದೆ. ಸ್ಪ್ರಿಂಗು, ಶಾಕ್, ಚಕ್ರಗಳಿಗೂ ಇದೇ ದಾರಿ ತೆರೆಯಲಿ. ಎಷ್ಟು ಮಿಲಿಮೀಟರಿನವರೆಗೆ ಇಳಿಸಬಹುದು, ತುಂಬಿದ ಗಾಡಿಯ ನೆಲದಂತರ ಎಷ್ಟಕ್ಕಿಂತ ಕಡಿಮೆಯಾಗಬಾರದು ಎಂದು ನಮ್ಮ ರಸ್ತೆ ನೋಡಿ ಅವರೇ ಗೊತ್ತು ಮಾಡಲಿ. ಕತ್ತರಿಸಿದ, ಕಾಯಿಸಿದ ಸ್ಪ್ರಿಂಗಿಗೆ ಯಾವ ವಿನಾಯಿತಿಯೂ ಬೇಡ. ಅದನ್ನು ಮಾಡಿದ ಗ್ಯಾರೇಜಿಗೂ ದಂಡ ಬೀಳಲಿ.

ಅಲ್ಲಿಯವರೆಗೆ ದೊಡ್ಡ ಚಕ್ರದ ಆಸೆ ಇರುವವರಿಗೆ ನನ್ನ ಸಲಹೆ ಇದು. ನಿಮ್ಮದೇ ಮಾದರಿಯ ಮೇಲಿನ ವೇರಿಯಂಟಿಗೆ ಕಂಪನಿ ಯಾವ ಅಳತೆಯ ಚಕ್ರ, ಟಯರು ಕೊಡುತ್ತದೋ ಅಲ್ಲಿಗೆ ನಿಲ್ಲಿಸಿ. ಆ ಅಳತೆಯನ್ನು ಕಂಪನಿ ನಿಮ್ಮ ಗಾಡಿಯ ಭಾರಕ್ಕೆ, ಬ್ರೇಕಿಗೆ, ಇದೇ ದೇಶದ ರಸ್ತೆಗೆ ಪರೀಕ್ಷೆ ಮಾಡಿಯೇ ಕೊಟ್ಟಿರುತ್ತದೆ. ಮ್ಯಾನ್ಯುಯಲ್‌ನಲ್ಲಿ, ಡ್ರೈವರ್ ಬಾಗಿಲಿನ ಕಂಬದ ಚೀಟಿಯಲ್ಲಿ ಅಳತೆ, ಗಾಳಿಯ ಒತ್ತಡ ಬರೆದಿರುತ್ತದೆ, ನೋಡಿ. ಟಯರಿನ ಮೇಲೆ ಐಎಸ್‌ಐ ಗುರುತು, ಭಾರದ ಅಂಕಿ, ತಯಾರಾದ ವಾರ ಮತ್ತು ವರ್ಷ ನೋಡಿ. ಬೋಲ್ಟಿನ ತೂತು ಹೊಂದಿದ ಮಾತ್ರಕ್ಕೆ ಅಲಾಯ್ ಹೊಂದಿತು ಎಂದುಕೊಳ್ಳಬೇಡಿ, ನಡುವಿನ ತೂತು ಹಬ್ಬಿನ ಮೇಲೆ ಬಿಗಿಯಾಗಿ ಕೂರಬೇಕು. ಸ್ವಿಫ್ಟಿನ ಹಬ್ಬು 54.1 ಮಿಲಿಮೀಟರು, ಹೋಂಡಾ ಸಿಟಿಯದು 56.1. ಒಂದರ ಚಕ್ರವನ್ನು ಇನ್ನೊಂದಕ್ಕೆ ಹಾಗೇ ಹಾಕಿ ಓಡಿಸುವ ವ್ಯವಹಾರವಲ್ಲ ಇದು. ಆ ಎರಡು ಮಿಲಿಮೀಟರು ಸಡಿಲ ಬಿಟ್ಟರೆ ವೇಗದಲ್ಲಿ ಸ್ಟೇರಿಂಗ್ ನಡುಗುತ್ತದೆ.

ಕೊನೆಯ ಮಾತು ನನ್ನ ಕಸುಬಿನವರಿಗೆ. ಗ್ಯಾರೇಜು, ಟಯರು, ಅಲೈನ್‌ಮೆಂಟಿನ ಕೆಲಸದಲ್ಲಿ ಈ ಮಹಾನಗರದಲ್ಲಿ ನಮ್ಮವರು ಬಹಳ ಮಂದಿ ಇದ್ದೇವೆ. ನಾವು ಬೇಡ ಎಂದರೆ ಹುಡುಗ ಪಕ್ಕದ ಗಲ್ಲಿಗೆ ಹೋಗಿ ಮಾಡಿಸಿಕೊಳ್ಳುತ್ತಾನೆ ಎಂಬುದು ನಿಜ. ಆದರೂ ಬೇಡ ಎನ್ನಿ, ಕಾರಣ ಹೇಳಿ, ಅವನ ಕೈ ಹಿಡಿದು ಟಯರಿನ ಒಳಅಂಚು ಮುಟ್ಟಿಸಿ. ಗಾಡಿಯ ಮೇಲೆ ಪ್ರೀತಿ ಇರುವ ಹುಡುಗ ಅವನು, ವಿಷಯ ತಿಳಿದರೆ ಕೇಳುತ್ತಾನೆ. ಮತ್ತೊಂದು ರೂಢಿ ನಾಳೆಯಿಂದಲೇ ಮಾಡೋಣ. ಚಕ್ರ, ಟಯರು ಬದಲಿಸಿದ ಪ್ರತಿ ಬಿಲ್ಲಿನಲ್ಲಿ ಹಳೆ ಅಳತೆ, ಹೊಸ ಅಳತೆ, ಭಾರದ ಅಂಕಿ, ನಾಲ್ಕೂ ಮೂಲೆಯ ನೆಲದಂತರ ಬರೆದು ಕೆಳಗೆ ಅಂಗಡಿಯ ಸೀಲು, ಸಹಿ ಹಾಕೋಣ. ಕಾನೂನು ಬರುವವರೆಗೆ ಕಾಯುವ ಅಗತ್ಯ ಇದಕ್ಕಿಲ್ಲ. ಸಹಿ ಹಾಕಲು ಧೈರ್ಯವಿಲ್ಲದ ಕೆಲಸವನ್ನು ನಮ್ಮ ಅಂಗಡಿಯಲ್ಲಿ ಮಾಡುವುದೂ ಬೇಡ.